ಹಾಲಿನ ಚೀಟಿ

ನನ್ನ ಮೊದಲ ಕೆಲಸ ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ. ಮಾಲೀಕರೂ ಸೇರಿ ನಾವು 11 ಜನ. ಹಳ್ಳಿಯ ಹಾಲು ಉತ್ಪಾದಕರ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಎರಡು ವರ್ಷ ತುಂಬುವಷ್ಟರಲ್ಲಿ ಐದು ಜನರ ತಂಡ ನನ್ನ ಕೈಗೆ ಬಂತು. ಆದೇಶ ಪತ್ರವೇನೂ ಇರಲಿಲ್ಲ. ಮಾಲೀಕರು ಒಂದು ಸಂಜೆ ಚಹಾದಂಗಡಿಯಲ್ಲಿ, "ಇನ್ನ ಮ್ಯಾಲೆ ಇವರನ್ನ ನೀನ ನೋಡ್ಕೋವಾ" ಅಂದರು, ಅಷ್ಟೆ. ಹುಡುಗರು ಆಗಲೇ ನನ್ನನ್ನು ಅಕ್ಕಾ ಅನ್ನುತ್ತಿದ್ದರು, ಅದನ್ನೇ ಮುಂದುವರಿಸಿದರು.

ಹಾಲಿನ ಸಂಘಗಳಲ್ಲಿ ದಿನಕ್ಕೆರಡು ಹೊತ್ತು ಹಾಲು ಅಳೆಯುತ್ತಾರೆ. ಮುಂಜಾನೆ ಆರಕ್ಕೆ ಯಾವುದೋ ಊರಿನ ಕಂಪ್ಯೂಟರ್ ಕೈಕೊಟ್ಟರೆ ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. ನಾನು ತಂಡದಲ್ಲಿ ಯಾರನ್ನಾದರೂ ಎಬ್ಬಿಸುತ್ತಿದ್ದೆ. ಯಾರ ತಾಯಿಗೆ ಹುಷಾರಿಲ್ಲ, ಯಾರು ರಾತ್ರಿ ಎರಡರ ತನಕ ಕೂತಿದ್ದಾರೆ, ಎಲ್ಲ ಗೊತ್ತಿರುತ್ತಿದ್ದರಿಂದ ಯಾರನ್ನು ಎಬ್ಬಿಸಬಾರದು ಎಂಬುದೂ ಗೊತ್ತಿರುತ್ತಿತ್ತು. ಮಾಡಿದ್ದನ್ನು ಬರೆದಿಡುವ ಪದ್ಧತಿ ಇರಲಿಲ್ಲ. ಯುಗಾದಿಗೆ ಸಂಬಳ ಹೆಚ್ಚಿಸುವಾಗ ಮಾಲೀಕರು ನನ್ನನ್ನು ಕೂರಿಸಿಕೊಂಡು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ನಮ್ಮ ಕಡತವೆಂದರೆ ನನ್ನ ನೆನಪೇ.

ಮೂರನೆಯ ವರ್ಷ ಬೆಂಗಳೂರಿನ ಒಂದು ದೊಡ್ಡ ಕಂಪನಿಗೆ ಸೇರಿದೆ. ಒಂದೇ ಯೋಜನೆಯಲ್ಲಿ 40 ಜನ. ಅದರಲ್ಲಿ ಎಂಟು ಜನ ನನ್ನ ತಂಡ. ಪರೀಕ್ಷೆ ಮಾಡುವವರ ತಂಡ ಬೇರೆ, ಅವರ ಮ್ಯಾನೇಜರ್ ಬೇರೆ. ಏನೇ ಕೆಲಸವಿದ್ದರೂ ಟಿಕೆಟ್ ಹಾಕಬೇಕು, ಅದು ಅವರ ಸಾಲಿನಲ್ಲಿ ನಿಲ್ಲಬೇಕು. ನನಗೆ ಅದು ಹಾಸ್ಯಾಸ್ಪದವಾಗಿ ಕಂಡಿತು. ನಾಲ್ಕು ಮೇಜಿನಾಚೆ ಕೂತ ಮನುಷ್ಯನಿಗೆ ಅರ್ಜಿ ಹಾಕುವುದೇ?

ಪರೀಕ್ಷಾ ತಂಡದಲ್ಲಿ ಹಾಸನ ಕಡೆಯ ಒಬ್ಬ ಹುಡುಗನಿದ್ದ. ಕ್ಯಾಂಟೀನಿನಲ್ಲಿ ನನ್ನ ಕನ್ನಡ ಕೇಳಿ ಮಾತಿಗೆ ಬಂದವನು, ಒಂದು ವಾರದಲ್ಲಿ ಅಕ್ಕ ಅನ್ನತೊಡಗಿದ. ನಾನು ಹುಬ್ಬಳ್ಳಿಯಲ್ಲಿ ಮಾಡುತ್ತಿದ್ದಂತೆಯೇ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತು "ಇದೊಂದು ನೋಡಿಬಿಡೋ" ಅನ್ನುತ್ತಿದ್ದೆ. ಅವನು ನೋಡಿಬಿಡುತ್ತಿದ್ದ. ಎರಡು ಶನಿವಾರ, ಎರಡು ಭಾನುವಾರ ನನಗಾಗಿ ಕೆಲಸ ಮಾಡಿದ. ನಮ್ಮ ತಂಡದ ಕೆಲಸ ಸಮಯಕ್ಕೆ ಮುಗಿಯಿತು. ನನ್ನನ್ನು ಎಲ್ಲರೂ ಹೊಗಳಿದರು.

ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಅವನಿಗೆ ಕೆಳಗಿನ ಶ್ರೇಣಿ ಬಂತು. ಅವನ ಮ್ಯಾನೇಜರ್ ಮುಂದಿದ್ದ ಪಟ್ಟಿಯಲ್ಲಿ ಅವನ ಸ್ವಂತ ಟಿಕೆಟ್‌ಗಳು ತಡವಾಗಿದ್ದುದು ಮಾತ್ರ ಇತ್ತು. ನನ್ನ ಕೆಲಸ ಯಾವ ಟಿಕೆಟ್‌ನಲ್ಲೂ ಇರಲಿಲ್ಲ. ವಿಷಯ ತಿಳಿದು ಓಡಿಹೋಗಿ ಕೇಳಿದೆ. "ಪರವಾಗಿಲ್ಲ ಬಿಡಿ ಅಕ್ಕ. ನೀವು ಕೇಳಿದ್ರಿ, ಮಾಡ್ದೆ. ಇಲ್ಲ ಅನ್ನೋಕೆ ಆಗ್ತಿತ್ತಾ?" ಅಂದ. ಅವನ ಮ್ಯಾನೇಜರ್‌ಗೆ ಉದ್ದನೆಯ ಮೇಲ್ ಬರೆದೆ. ಅಷ್ಟರಲ್ಲಿ ಶ್ರೇಣಿಗಳೆಲ್ಲ ಅಂತಿಮವಾಗಿದ್ದವು.

ಅವನ ಕೊನೆಯ ಮಾತು ನನ್ನನ್ನು ಬಹಳ ಕಾಲ ಕಾಡಿತು. ನಾನು ಸಲುಗೆ ಅಂದುಕೊಂಡದ್ದು ಅವನಿಗೆ ಆಜ್ಞೆಯಾಗಿತ್ತು. ಹುಬ್ಬಳ್ಳಿಯಲ್ಲಿ ಅಕ್ಕ ಕೆಲಸ ಹೇಳಿದರೆ ಅದರ ಲೆಕ್ಕವನ್ನೂ ಅಕ್ಕನೇ ಇಡುತ್ತಿದ್ದಳು. ಇಲ್ಲಿ ಕೆಲಸ ಹೇಳುವ ಅಧಿಕಾರ ಮಾತ್ರ ನನ್ನ ಬಳಿ ಉಳಿದಿತ್ತು.

ಆಮೇಲೆ ಸಂಶೋಧನೆಗೆ ಬಂದಾಗ ಓದಿದ ಎರಡು ಬರಹಗಳು ಈ ಗಾಯಕ್ಕೆ ಹೆಸರು ಕೊಟ್ಟವು. ಐಬಿಎಂನ ದೊಡ್ಡದೊಂದು ಸಾಫ್ಟ್‌ವೇರ್ ಯೋಜನೆಯನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸರಳ ಲೆಕ್ಕವಿದೆ. ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರೊಡನೆ ಮಾತಾಡಬೇಕಾದರೆ ಎಷ್ಟು ಜೋಡಿಗಳಾಗುತ್ತವೆ? 11 ಜನರಿಗೆ 55. 40 ಜನರಿಗೆ 780. ಜನ ನಾಲ್ಕು ಪಟ್ಟು ಕೂಡ ಆಗಿಲ್ಲ, ಜೋಡಿಗಳು ಹದಿನಾಲ್ಕು ಪಟ್ಟು ಮೀರಿವೆ. ಅಷ್ಟನ್ನು ಒಬ್ಬಳ ನೆನಪು ಹಿಡಿದಿಡಲಾರದು. ಲ್ಯಾರಿ ಗ್ರೈನರ್ 1972ರ ಲೇಖನದಲ್ಲಿ ಇನ್ನೊಂದು ಮಾತು ಹೇಳುತ್ತಾರೆ: ಸಂಸ್ಥೆ ಬೆಳೆಯುವಾಗ ಒಂದು ಹಂತದಲ್ಲಿ ಅದನ್ನು ಕಾಪಾಡಿದ ಗುಣವೇ ಮುಂದಿನ ಹಂತದಲ್ಲಿ ಅದಕ್ಕೆ ತೊಡಕಾಗುತ್ತದೆ. ಅವರು ಬರೆದದ್ದು ಬೆಳೆಯುವ ಕಂಪನಿಗಳ ಬಗ್ಗೆ. ನಾನು ಬೆಳೆದ ಕಂಪನಿಗೆ ಹೊರಗಿನಿಂದ ಹೋಗಿ ಅದೇ ತಪ್ಪು ಮಾಡಿದ್ದೆ.

ಪಾಠ ಕಲಿತೆ ಅಂದುಕೊಂಡೆ. ಕಲಿತದ್ದು ಅರ್ಧ ಎಂದು ಗೊತ್ತಾದದ್ದು ಹೋದ ವರ್ಷ.

ನನ್ನ ಪಿಎಚ್‌ಡಿ ವಿಷಯ ಹಾಲಿನ ಸಂಘಗಳ ಕಾರ್ಯದರ್ಶಿಗಳ ಕೆಲಸ. ಕ್ಷೇತ್ರಕಾರ್ಯಕ್ಕೆ ನಾಲ್ವರು ಎಂ.ಎ. ವಿದ್ಯಾರ್ಥಿಗಳು ನೆರವಾದರು. ಈ ಸಲ ಯಾರಿಗೂ ಅನ್ಯಾಯವಾಗಬಾರದು ಎಂದು ಎಲ್ಲವನ್ನೂ ಕಾಗದಕ್ಕಿಳಿಸಿದೆ. ಯಾರು ಯಾವ ಊರು, ಎಷ್ಟು ಸಂದರ್ಶನ, ವಾರದ ವರದಿಗೆ ಒಂದು ನಮೂನೆ, ತಡವಾದರೆ ಕಾರಣ ಬರೆಯಲು ಒಂದು ಕಲಂ. ಮೂರನೆಯ ವಾರ ಒಬ್ಬ ಹುಡುಗಿ ಬರುವುದನ್ನೇ ಬಿಟ್ಟಳು. ಆ ಕಲಂನಲ್ಲಿ "ವೈಯಕ್ತಿಕ" ಎಂದಷ್ಟೇ ಬರೆದಿದ್ದಳು. ಅವಳ ತಂದೆ ಆಸ್ಪತ್ರೆಯಲ್ಲಿದ್ದರು. ಕೊನೆಗೆ ಸಿಕ್ಕಾಗ ಅಂದಳು: "ನೀವು ಒಂದ್ಸಲ ಫೋನ್ ಮಾಡಿ ಕೇಳಿದ್ರ ಸಾಕಿತ್ತ್ರಿ ಅಕ್ಕಾ. ನಾಲ್ಕ ಮಂದಿಗೆ ಇಷ್ಟೆಲ್ಲಾ ಫಾರ್ಮ್ ಯಾಕ ಬೇಕಾಗಿತ್ತು?"

ಉತ್ತರವಿರಲಿಲ್ಲ. ದೊಡ್ಡ ಕಂಪನಿಯ ಅಂಗಿಯನ್ನು ನಾಲ್ಕು ಮಂದಿಗೆ ತೊಡಿಸಿದ್ದೆ. ಅದರ ಹಿಂದೆ ನ್ಯಾಯದ ಆಸೆಯ ಜೊತೆಗೆ ನನ್ನ ಅಂಜಿಕೆಯೂ ಇತ್ತು. ಮತ್ತೆ ಯಾರಾದರೂ "ನೀವು ಕೇಳಿದ್ರಿ, ಮಾಡ್ದೆ" ಅಂದಾರೆಂಬ ಅಂಜಿಕೆ. ಫಾರ್ಮ್ ತುಂಬಿಸಿಕೊಂಡರೆ ನಾನು ಸುರಕ್ಷಿತ.

ಆಗ ಧಾರವಾಡ ಸಮೀಪದ ಒಂದು ಮಹಿಳಾ ಸಂಘದಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದೆ. ಹಾಲಿನ ವ್ಯವಸ್ಥೆಯೇ ಮೂರು ಅಂತಸ್ತಿನದು: ಹಳ್ಳಿಯ ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ರಾಜ್ಯದ ಮಹಾಮಂಡಳ. ಮೇಲಿನವರಿಗೆ ಹಾಲು ಎಂದರೆ ಲೀಟರು, ಫ್ಯಾಟು, ಎಸ್‌ಎನ್‌ಎಫ್. ಕೆಳಗೆ ಅದು ಇಂಥವರ ಮನೆಯ ಎಮ್ಮೆ. ಇವೆರಡರ ನಡುವೆ ಕೂತವರು ಕಾರ್ಯದರ್ಶಿ. ಅಂದು ಮುಂಜಾನೆ ಒಬ್ಬ ಅಜ್ಜಿ ಒಂದೂವರೆ ಲೀಟರು ತಂದರು. ಕಾರ್ಯದರ್ಶಿ ಹಾಲು ಸುರಿಯುತ್ತಲೇ, "ಕರಾ ಮೇಯಾಕ್ ಹತ್ಯಾದೇನ್ಬೇ?" ಎಂದು ಕೇಳಿದರು. ಅಜ್ಜಿ ಹೇಳಿಕೊಂಡಳು. ಅಷ್ಟರಲ್ಲಿ ಯಂತ್ರ ಚೀಟಿ ಮುದ್ರಿಸಿತು. ಕಾರ್ಯದರ್ಶಿ ಅದನ್ನು ಹರಿದು, ಮೊತ್ತ ಓದಿ ಹೇಳಿ, ಅಜ್ಜಿಯ ಕೈಗೆ ಕೊಟ್ಟರು. ಅವರು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟರು.

"ಇಷ್ಟ ಪರಿಚಯ ಇದ್ದಮ್ಯಾಲೆ ಚೀಟಿ ಯಾಕ್ರಿ?" ಎಂದು ಕೇಳಿದೆ.

"ನಾಳೆ ನಾ ಇರಂಗಿಲ್ಲ ಅಂತ ತಿಳೀರಿ, ಆಕಿ ಹಾಲು ಎಷ್ಟಿತ್ತಂತ ಯಾರು ಹೇಳಬೇಕು?" ಅಂದರು. ತುಸು ಹೊತ್ತಾದ ಮೇಲೆ ಸೇರಿಸಿದರು: "ಖರೇ, ಬರೇ ಚೀಟಿ ಕೊಟ್ಟು ಕಳಿಸಿದ್ರ ಆಕಿ ಬ್ಯಾರೆ ಡೇರಿಗೆ ಹೋಗ್ತಾಳ."

ಸಣ್ಣ ಕಡೆ ಒಂದು ರೀತಿ, ದೊಡ್ಡ ಕಡೆ ಒಂದು ರೀತಿ ಎಂದು ನಾನು ಅಂಗಿ ಬದಲಿಸಿದಂತೆ ಬದಲಿಸಲು ಹೊರಟಿದ್ದೆ. ಕಾರ್ಯದರ್ಶಿ ಎರಡನ್ನೂ ಇಟ್ಟುಕೊಂಡಿದ್ದರು, ಯಾವುದು ಎಷ್ಟು ಬೇಕೆಂಬ ಅಳತೆ ಮಾತ್ರ ಅವರಿಗೆ ಗೊತ್ತಿತ್ತು. ಕಣ್ಣಿಗೆ ಕಾಣುವವರನ್ನು ಕೇಳಬೇಕು. ನಾನು ಇಲ್ಲದ ಕೋಣೆಯಲ್ಲಿ ಯಾರದಾದರೂ ತೀರ್ಮಾನವಾಗುವುದಿದ್ದರೆ ಅವರ ಪರವಾಗಿ ಬರೆದಿರಬೇಕು.

ವರದಿಯ ನಮೂನೆಯನ್ನು ಕೈಬಿಟ್ಟೆ. ಭಾನುವಾರ ಸಂಜೆ ನಾಲ್ವರಿಗೂ ಫೋನ್ ಮಾಡುತ್ತೇನೆ. ಆ ಹುಡುಗಿ ಎರಡು ತಿಂಗಳ ಮೇಲೆ ತಿರುಗಿ ಬಂದಳು. ಯಾರು ಏನು ಮಾಡಿದರೆಂದು ಮಾತ್ರ ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ, ಪ್ರಬಂಧದ ಕೃತಜ್ಞತೆಯ ಪುಟಕ್ಕೆ. ಹಾಸನದ ಹುಡುಗನ ಹೆಸರು ಆ ಪುಟಕ್ಕೆ ಬರಲಾರದು, ಅವನು ಮಾಡಿದ ಕೆಲಸ ಬೇರೆ. ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಆ ಎರಡು ಶನಿವಾರ, ಎರಡು ಭಾನುವಾರಗಳ ತಾರೀಖು ಬರೆದುಕೊಂಡಿದ್ದೇನೆ.