ನೆಲಮಹಡಿಯ ರೂಮು

ಕಲೂರಿನ ನಮ್ಮ ಮನೆಯಿಂದ ಫೋರ್ಟ್ ಕೊಚ್ಚಿಗೆ ರಸ್ತೆಯಲ್ಲಿ ಹೋದರೆ ಹದಿನೈದು ಕಿಲೋಮೀಟರೂ ಆಗುವುದಿಲ್ಲ. ಇಷ್ಟು ಹತ್ತಿರದ ಊರಿನಲ್ಲಿ ಎರಡು ರಾತ್ರಿಗೆ ರೂಮು ಹುಡುಕುತ್ತಿದ್ದೇನೆ ಎಂದರೆ ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ. ಅದೂ ನನಗಲ್ಲ, ಊರಿನಿಂದ ಬರುವ ಅಪ್ಪಯ್ಯ ಮತ್ತು ಆಯಿಗೆ ಎಂದರೆ ಇನ್ನೂ ವಿಚಿತ್ರ. "ಸ್ವಂತ ಮಗಳ ಮನೆ ಇದ್ದೂ ಲಾಡ್ಜ್ ಯಾಕೆ?" ಎಂದು ಕುಮಟೆಯಲ್ಲಿರುವ ಚಿಕ್ಕಮ್ಮ ಫೋನಿನಲ್ಲೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ನನ್ನ ಗಂಡ ಮಲಯಾಳಿ. ಮದುವೆಯಾಗಿ ಹನ್ನೊಂದು ವರ್ಷ. ಮದುವೆಗೆ ಅಪ್ಪಯ್ಯ ಬಂದಿದ್ದರು, ಮುಂದಿನ ಸಾಲಿನಲ್ಲೇ ಕೂತಿದ್ದರು, ಊಟವನ್ನೂ ಮಾಡಿದ್ದರು. ಜಗಳ, ಮಾತು ಬಿಡುವುದು ಯಾವುದೂ ನಮ್ಮಲ್ಲಿ ಆಗಲಿಲ್ಲ. ಆದರೆ ಈ ಹನ್ನೊಂದು ವರ್ಷದಲ್ಲಿ ಅವರು ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ಉಳಿದಿಲ್ಲ. ಗುರುವಾಯೂರಿಗೆ ಬಂದಾಗ ಅಲ್ಲೇ ಉಳಿದು, ನಮ್ಮಲ್ಲಿಗೆ ಎರಡು ತಾಸಿನ ಮಟ್ಟಿಗೆ ಬಂದರು. ಕಾಲಡಿಗೆ ಬಂದಾಗಲೂ ಅಷ್ಟೇ. ಚಹಾ ಕುಡಿದು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಡಿಯಾರ ನೋಡಿ, "ರೈಲಿಗೆ ಹೊತ್ತಾಯ್ತು" ಅನ್ನುವುದು. ಮಗಳ ಮನೆಯಲ್ಲಿ ಹೆಚ್ಚು ದಿನ ಕೂರಬಾರದು ಎಂಬ ಹಳೆಯ ಸಂಕೋಚ ಒಂದು ಕಡೆ. ಮೀನು ಬೇಯುವ ಅಡುಗೆಮನೆ ಇನ್ನೊಂದು ಕಡೆ. ಎರಡನ್ನೂ ಅವರು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ನಾವೂ ಕೇಳಿಲ್ಲ.

ಹೊರಗೆ ರೂಮು ಮಾಡೋಣ ಎಂದದ್ದು ನನ್ನ ಗಂಡನೇ. "ಅವರದ್ದೇ ಅಂತ ಒಂದು ಬಾಗಿಲು, ಒಂದು ಬೀಗದ ಕೈ ಇದ್ದರೆ ಬರುವುದಕ್ಕೆ ಸುಲಭವಾಗುತ್ತದೆ" ಎಂದರು. ಮೊದಲು ನನಗೆ ಬೇಸರವಾಯಿತು. ಯೋಚಿಸಿದಷ್ಟೂ ಸರಿ ಅನ್ನಿಸಿತು. ಫೋರ್ಟ್ ಕೊಚ್ಚಿಯೇ ಆಗಬೇಕು ಎಂದು ತೀರ್ಮಾನಿಸಿದವಳು ನಾನು. ಅದಕ್ಕೆ ಕಾರಣ ವಾಸ್ಕೋ ಡ ಗಾಮ.

ಅಪ್ಪಯ್ಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದವರು. ಮೂವತ್ತೆರಡು ವರ್ಷ, ಪ್ರತಿ ಜೂನ್‌ನಲ್ಲಿ, 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಎಂದು ಬೋರ್ಡಿನ ಮೇಲೆ ಬರೆದವರು. ಮಕ್ಕಳನ್ನು ಮಿರ್ಜಾನ್ ಕೋಟೆಗೆ ನಡೆಸಿಕೊಂಡು ಹೋಗಿ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕತೆ ಹೇಳಿದವರು. ಆ ಕತೆಯ ಇನ್ನೊಂದು ತುದಿ ಕೊಚ್ಚಿಯಲ್ಲಿದೆ. ಅದೇ ಮೆಣಸು, ಅದೇ ಪೋರ್ಚುಗೀಸರು, ಅದೇ ಕಡಲು. ಮೂರನೇ ಬಾರಿ ಭಾರತಕ್ಕೆ ಬಂದ ಗಾಮ 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲೇ ತೀರಿಕೊಂಡ. ಈಗ ಸೇಂಟ್ ಫ್ರಾನ್ಸಿಸ್ ಚರ್ಚ್ ಎಂದು ಕರೆಯುವ ಕಟ್ಟಡದಲ್ಲಿ ಅವನನ್ನು ಹೂಳಿದರು. ಮುಂದೆ ಅಸ್ಥಿಯನ್ನು ಪೋರ್ಚುಗಲ್‌ಗೆ ಸಾಗಿಸಿದರು. ಈಗ ಅಲ್ಲಿ ಉಳಿದಿರುವುದು ನೆಲದಲ್ಲಿ ಹುದುಗಿದ ಒಂದು ಕಲ್ಲು, ಅದರ ಸುತ್ತ ಒಂದು ಕಟಾಂಜನ.

"ಕಲ್ಲಿನ ಕೆಳಗೆ ಯಾರೂ ಇಲ್ಲ ಅಪ್ಪಯ್ಯ" ಎಂದು ನಾನು ಮೊದಲೇ ಹೇಳಿದೆ.

"ಗೊತ್ತಿದ್ದು. ನಾನೇ ಪಾಠ ಮಾಡಿದ್ದಲ್ಲವ?" ಎಂದರು. "ಆದರೂ ಒಂದ್ಸಲ ನೋಡವು."

ಒಂದು ದಿನದಲ್ಲಿ ಹೋಗಿ ಬರಬಹುದಲ್ಲ ಎನ್ನಬಹುದು. ಆರೋಗ್ಯ ಸರಿಯಿದ್ದರೆ ಬರಬಹುದು. ಅಪ್ಪಯ್ಯನಿಗೆ ಎಪ್ಪತ್ತಮೂರು. ಬಲ ಮೊಣಕಾಲು ಪೂರ್ತಿ ಸವೆದಿದೆ. ಒಂದೇ ಉಸಿರಿಗೆ ಇನ್ನೂರು, ಇನ್ನೂರೈವತ್ತು ಹೆಜ್ಜೆ ನಡೆಯುತ್ತಾರೆ, ಆಮೇಲೆ ಕೂರಬೇಕು. ಶಸ್ತ್ರಚಿಕಿತ್ಸೆ ಮಳೆಗಾಲಕ್ಕೆ ಮುಂಚೆ ಎಂದು ಡಾಕ್ಟರು ಹೇಳಿದ್ದಾರೆ. ಅದಾದ ಮೇಲೆ ಇಷ್ಟು ದೂರದ ಪ್ರಯಾಣಕ್ಕೆ ಮನಸ್ಸು ಮಾಡುತ್ತಾರೋ ಇಲ್ಲವೋ. ಬಿಸಿಲು ಏರುವ ಮೊದಲು ಒಂದಿಷ್ಟು ನೋಡಿ, ಮಧ್ಯಾಹ್ನ ಮಲಗಿ, ಸಂಜೆ ಮತ್ತೊಂದಿಷ್ಟು ನೋಡಬೇಕಾದರೆ ರೂಮು ಅಲ್ಲೇ ಹತ್ತಿರ ಇರಬೇಕು.

ಎಡಿನ್‌ಬರೋದಲ್ಲಿರುವ ನನ್ನ ಗೆಳತಿ ಹೋದ ವರ್ಷ ಅವಳ ಅಪ್ಪ ಅಮ್ಮನನ್ನು ಸೇಂಟ್ ಆಂಡ್ರ್ಯೂಸ್‌ಗೆ ಕರೆದುಕೊಂಡು ಹೋಗಿದ್ದಳು. 1413ರಲ್ಲಿ ಶುರುವಾದ ವಿಶ್ವವಿದ್ಯಾಲಯ, ಸಮುದ್ರದಂಚಿನಲ್ಲಿ ಪಾಳುಬಿದ್ದ ದೊಡ್ಡ ಕೆಥೆಡ್ರಲ್ ಇರುವ ಸಣ್ಣ ಊರು. ಅಲ್ಲಿಯ ಸಾಧಾರಣ ಬೆಲೆಯ ಗೆಸ್ಟ್‌ಹೌಸ್‌ಗಳು ಹೆಚ್ಚಾಗಿ ಹಳೆಯ ಕಲ್ಲಿನ ಮನೆಗಳು. ಲಿಫ್ಟ್ ಇರುವುದಿಲ್ಲ, ಮೆಟ್ಟಿಲು ಕಿರಿದು. ಅವಳು ಹೇಳಿದ ಒಂದು ಮಾತು ನನಗೆ ಬಹಳ ಉಪಯೋಗಕ್ಕೆ ಬಂತು: "ಹಾಸಿಗೆಯ ಫೋಟೋ ಎಲ್ಲರೂ ಹಾಕುತ್ತಾರೆ. ನೀನು ಮೆಟ್ಟಿಲಿನ ಫೋಟೋ ಕೇಳು, ಬಚ್ಚಲಿನ ಫೋಟೋ ಕೇಳು." ಸ್ಕಾಟ್ಲೆಂಡಿನ ಹಳೆಯ ಊರಿಗೆ ನಿಜವಾದದ್ದು ಫೋರ್ಟ್ ಕೊಚ್ಚಿಗೂ ನಿಜ. ಪೋರ್ಚುಗೀಸರು, 1663ರ ನಂತರ ಡಚ್ಚರು, 1795ರ ನಂತರ ಇಂಗ್ಲಿಷರು, ಹೀಗೆ ಒಬ್ಬರಾದ ಮೇಲೆ ಒಬ್ಬರು ಇದ್ದು ಹೋದ ಊರು. ದಪ್ಪ ಗೋಡೆ, ಎತ್ತರದ ಹೊಸ್ತಿಲು, ಕಡಿದಾದ ಮರದ ಏಣಿ. ನೋಡುವುದಕ್ಕೆ ಚಂದ. ಮೊಣಕಾಲಿಗೆ ಅಲ್ಲ.

ಎರಡು ಭಾನುವಾರ ನಾನೇ ಹೋಗಿ ರೂಮು ನೋಡಿದೆ. ಆಫೀಸಿನ ಅಭ್ಯಾಸ, ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿಕೊಂಡಿದ್ದೆ: ನೆಲಮಹಡಿ, ಕಮೋಡ್, ಹಿಡಿದುಕೊಳ್ಳಲು ಹಿಡಿಕೆ, ಜಾರದ ನೆಲ, ಬಿಸಿನೀರು, ಚರ್ಚ್‌ಗೆ ಎಷ್ಟು ಹೆಜ್ಜೆ. ದೊಡ್ಡ ಹೋಟೆಲುಗಳ ಸುದ್ದಿಗೇ ಹೋಗಲಿಲ್ಲ. ಅಲ್ಲಿಯ ಬಾಡಿಗೆ ಕೇಳಿದರೆ ಅಪ್ಪಯ್ಯ ಕುಮಟಾ ಸ್ಟೇಷನ್ನಿನಿಂದಲೇ ವಾಪಸು ಹೋದಾರು. ಕೇರಳದಲ್ಲಿ ಪ್ರವಾಸೋದ್ಯಮ ಇಲಾಖೆ ಹೋಂಸ್ಟೇಗಳಿಗೆ ಡೈಮಂಡ್, ಗೋಲ್ಡ್, ಸಿಲ್ವರ್ ಎಂದು ದರ್ಜೆ ಕೊಡುತ್ತದೆ. ನಾನು ನೋಡಿದ್ದು ಸಿಲ್ವರ್‌ನ ಆಸುಪಾಸಿನವು. ಒಂದು ಕಡೆ ರೂಮು ಚೆನ್ನಾಗಿತ್ತು, ಬಚ್ಚಲಿಗೆ ಅರ್ಧ ಅಡಿ ಎತ್ತರದ ಕಟ್ಟೆ. ಇನ್ನೊಂದು ಕಡೆ ಎಲ್ಲ ಸರಿ, ಗಾಳಿ ಬೀಸಿದರೆ ಮೀನಿನ ವಾಸನೆ ನೇರ ರೂಮಿಗೆ. ಚೀನಾ ಬಲೆಗಳ ಪಕ್ಕದ ಊರಿನಲ್ಲಿ ಮೀನಿನ ವಾಸನೆ ಬೇಡ ಎನ್ನುವುದು ತಪ್ಪು, ಆದರೆ ಕಿಟಕಿಯಾದರೂ ಬೇರೆ ದಿಕ್ಕಿಗಿರಲಿ.

ಕೊನೆಗೆ ಸಿಕ್ಕಿದ್ದು ಒಂದು ಹಳೆಯ ಹೆಂಚಿನ ಮನೆ. ಮುಂದೆ ಅಂಗಳ, ಅಂಗಳದಲ್ಲಿ ಪೇರಲೆ ಮರ. ಒಟ್ಟು ನಾಲ್ಕು ರೂಮು, ಒಂದು ನೆಲಮಹಡಿಯಲ್ಲಿದೆ. ಗೇಟಿನಿಂದ ಚರ್ಚ್ ಬಾಗಿಲಿಗೆ ನನ್ನ ಲೆಕ್ಕದಲ್ಲಿ 430 ಹೆಜ್ಜೆ. ನಡುವೆ ಪರೇಡ್ ಮೈದಾನದ ಬದಿಯಲ್ಲಿ ದೊಡ್ಡ ಮಳೆಮರಗಳ ನೆರಳು, ಕೂರಲು ಜಾಗ. ಅಂದರೆ ಒಂದು ವಿಶ್ರಾಂತಿ ಸಾಕು. ಮನೆ ನಡೆಸುವ ಹಿರಿಯ ಮಹಿಳೆ ಕ್ರೈಸ್ತರು. ಅಪ್ಪಯ್ಯ ಮೊಟ್ಟೆ ಬೇಯಿಸಿದ ಪಾತ್ರೆಯಲ್ಲಿ ಮಾಡಿದ್ದನ್ನು ತಿನ್ನುವುದಿಲ್ಲ ಎಂದು ಹೇಳಲು ನಾನು ಮುಜುಗರ ಪಡುತ್ತಿದ್ದರೆ ಅವರೇ ಮಾತು ತೆಗೆದರು. "ಬ್ರಾಹ್ಮಣರಾ? ಇಡ್ಲಿ ಪಾತ್ರೆ ಬೇರೆಯೇ ಇದೆ ಮೋಳೆ, ಮಟ್ಟಾಂಚೇರಿಯ ಗುಜರಾತಿಗಳ ನೆಂಟರು ನಮ್ಮಲ್ಲೇ ಉಳಿಯುತ್ತಾರೆ" ಎಂದರು. ಮಧ್ಯಾಹ್ನದ ಊಟದ ಚಿಂತೆಯೂ ಅಲ್ಲೇ ಮುಗಿಯಿತು. ಮಟ್ಟಾಂಚೇರಿಯ ಗುಜರಾತಿ ರಸ್ತೆಯ ಕಡೆ ಶುದ್ಧ ಸಸ್ಯಾಹಾರಕ್ಕೆ ಕೊರತೆಯಿಲ್ಲ. ಬಚ್ಚಲಿನಲ್ಲಿ ಹಿಡಿಕೆ ಇರಲಿಲ್ಲ. ಕೇಳಿದೆ. "ಹಾಕಿಸುತ್ತೇನೆ, ನನಗೂ ಬೇಕಾಗುವ ವಯಸ್ಸು" ಎಂದರು.

ದಿನ ಗೊತ್ತು ಮಾಡುವುದು ರೂಮಿಗಿಂತ ಕಷ್ಟವಾಯಿತು. ಡಿಸೆಂಬರ್ ಕೊನೆಯ ವಾರ ಕಾರ್ನಿವಲ್. 31ರ ಮಧ್ಯರಾತ್ರಿ ಪಾಪ್ಪಾಂಜಿಯನ್ನು ಸುಡುವುದನ್ನು ನೋಡಲು ಇಡೀ ಎರ್ನಾಕುಳಂ ಅಲ್ಲಿಗೆ ಬರುತ್ತದೆ, ಕಾಲಿಡಲು ಜಾಗವಿರುವುದಿಲ್ಲ. ಮಾರ್ಚ್ ಬಂದರೆ ಸೆಕೆ. ಹಾಗಾಗಿ ಫೆಬ್ರವರಿ. ಶುಕ್ರವಾರ ಮಟ್ಟಾಂಚೇರಿ ಅರಮನೆಗೆ ರಜೆ, ಶನಿವಾರ ಯಹೂದಿಗಳ ಸಿನಗಾಗ್ ಮುಚ್ಚಿರುತ್ತದೆ. ಮಂಗಳವಾರ ನಮ್ಮ ಕಲೂರಿನ ಸೇಂಟ್ ಆಂಟನಿ ಚರ್ಚ್‌ಗೆ ಬರುವ ಜನರಿಂದ ರಸ್ತೆಯೇ ಕಾಣುವುದಿಲ್ಲ, ಅಂದು ಹೊರಡುವ ಹಾಗಿಲ್ಲ. ಎಲ್ಲ ಕಳೆದು ಉಳಿದದ್ದು ಬುಧವಾರ ಹೋಗಿ ಶುಕ್ರವಾರ ರೂಮು ಬಿಡುವುದು.

ಹೋಗುವುದು ದೋಣಿಯಲ್ಲಿ. ಹಳೆಯ ಬೋಟಿಗೆ ಹತ್ತಬೇಕಾದರೆ ಜೆಟ್ಟಿಯಿಂದ ಒಂದು ದೊಡ್ಡ ಹೆಜ್ಜೆ ಹಾಕಬೇಕು, ನೀರು ಏರಿಳಿದಂತೆ ಅದೂ ಏರಿಳಿಯುತ್ತದೆ. 2023ರ ಏಪ್ರಿಲ್‌ನಲ್ಲಿ ಶುರುವಾದ ವಾಟರ್ ಮೆಟ್ರೊದಲ್ಲಿ ಆ ಕಷ್ಟವಿಲ್ಲ. ಹತ್ತುವ ಕಟ್ಟೆಯೇ ನೀರಿನ ಮೇಲೆ ತೇಲುತ್ತದೆ. ಭರತವಿರಲಿ ಇಳಿತವಿರಲಿ, ಕಟ್ಟೆ ಮತ್ತು ದೋಣಿಯ ನೆಲ ಒಂದೇ ಮಟ್ಟದಲ್ಲಿರುತ್ತವೆ, ಗಾಲಿಕುರ್ಚಿಯನ್ನೂ ತಳ್ಳಿಕೊಂಡು ಹೋಗಬಹುದು. ಹೈಕೋರ್ಟ್ ಜೆಟ್ಟಿಯಿಂದ ಇಪ್ಪತ್ತು ನಿಮಿಷದ ದಾರಿ. ಹಡಗುಗಳ ಪಕ್ಕದಲ್ಲೇ ಸಾಗಿ, ಬಂದರಿನ ಕಡೆಯಿಂದ ಫೋರ್ಟ್ ಕೊಚ್ಚಿಗೆ ತಲುಪುವುದು. ಗಾಮ ಬಂದದ್ದೂ ನೀರಿನ ದಾರಿಯಲ್ಲೇ ಎಂದು ಅಪ್ಪಯ್ಯ ಹೇಳಿಯೇ ಹೇಳುತ್ತಾರೆ.

ಇದೆಲ್ಲ ಅಪ್ಪಯ್ಯನ ಪಾಲಾಯಿತು. ಆಯಿಗೆ ವಾಸ್ಕೋ ಡ ಗಾಮನಿಂದ ಆಗಬೇಕಾದ್ದು ಏನೂ ಇಲ್ಲ. ಅವಳಿಗೆ ಬೇಕಾದ್ದು ಮಾತಾಡುವ ಜನ. ಹನ್ನೊಂದು ವರ್ಷದಲ್ಲಿ ನನ್ನ ಅತ್ತೆಯ ಜೊತೆ ಅವಳ ಸಂಭಾಷಣೆ ನಗು ಮತ್ತು ಕೈಸನ್ನೆಯಲ್ಲೇ ನಡೆದಿದೆ. ಆದರೆ ಕುಮಟೆಯ ಪೇಟೆಯಲ್ಲಿ ಬೆಳೆದವಳಿಗೆ ಕೊಂಕಣಿ ಕನ್ನಡದಷ್ಟೇ ಸಲೀಸು. ಮಟ್ಟಾಂಚೇರಿಯ ಚೆರ್ಲಾಯಿಯಲ್ಲಿ ಗೌಡ ಸಾರಸ್ವತರ ತಿರುಮಲ ದೇವಸ್ಥಾನವಿದೆ, ಸುತ್ತ ಕೊಂಕಣಿ ಮನೆಗಳಿವೆ. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ದಕ್ಷಿಣಕ್ಕೆ ಬಂದವರ ವಂಶದವರು. ಡಚ್ ಗವರ್ನರ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಮಾಡಿಸಿದ ಹೋರ್ಟಸ್ ಮಲಬಾರಿಕಸ್ ಎಂಬ ಹನ್ನೆರಡು ಸಂಪುಟದ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ಅದಕ್ಕೆ ವೈದ್ಯ ಇಟ್ಟಿ ಅಚ್ಯುತನ್ ಜೊತೆಗೆ ನೆರವಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿಗರೇ. ಅವರು ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಪತ್ರವೂ ಆ ಗ್ರಂಥದಲ್ಲಿದೆ. ಇದನ್ನು ಆಯಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ: "ಅಲ್ಲಿಯ ಹೆಂಗಸರು ನಮ್ಮ ಹಾಗೆಯೇ ಮಾತಾಡುತ್ತಾರಾ?" ಸ್ವಲ್ಪ ರಾಗ ಬೇರೆ, ಮಾತು ಅದೇ ಎಂದೆ. ಅಂದಿನಿಂದ ಯಾವ ಸೀರೆ ತರಲಿ ಎಂಬ ಚರ್ಚೆ ನಡೆದಿದೆ.

ಇನ್ನು ಹಣದ ವಿಷಯ. ಮುಂಗಡ ನಾನು ಕೊಡುವವಳಿದ್ದೆ. ಅಪ್ಪಯ್ಯ ಒಪ್ಪಲಿಲ್ಲ. "ರೂಮು ನನ್ನ ಹೆಸರಿನಲ್ಲಿರಲಿ. ಪೆನ್ಷನ್ ಬರುತ್ತಲ್ಲ" ಎಂದರು. ಎರಡು ದಿನ ವಾದ ಮಾಡಿದೆ. ಬಿಟ್ಟುಕೊಡು ಎಂದು ಗಂಡ ಹೇಳಿದರು. ಪಕ್ಕದ ಮನೆಯ ಹುಡುಗನನ್ನು ಕೂರಿಸಿಕೊಂಡು ಅಪ್ಪಯ್ಯ ತಾವೇ ಫೋನಿನಿಂದ ಒಂದು ದಿನದ ಬಾಡಿಗೆ ಕಳಿಸಿದರು, ಕಳಿಸಿದ ಚೀಟಿಯ ಫೋಟೋವನ್ನೂ ಹಾಕಿದರು. ಅದಾದ ಮೇಲೆ ಅವರ ದನಿಯೇ ಬೇರೆಯಾಯಿತು. "ಗುರುವಾರ ಮಧ್ಯಾಹ್ನ ನೀವು ಮೂವರೂ ನಮ್ಮಲ್ಲಿಗೆ ಊಟಕ್ಕೆ ಬನ್ನಿ. ಅಳಿಯಂದಿರಿಗೆ ರಜೆ ಸಿಗುತ್ತದೋ ಕೇಳು" ಎಂದರು.

ನಮ್ಮಲ್ಲಿಗೆ! ಕೊಚ್ಚಿಯಲ್ಲಿ ಹುಟ್ಟಿ ಬೆಳೆದ ಅಳಿಯನನ್ನು ಕುಮಟೆಯ ಮಾವ ಫೋರ್ಟ್ ಕೊಚ್ಚಿಗೆ ಊಟಕ್ಕೆ ಕರೆಯುತ್ತಿದ್ದಾರೆ. ನನ್ನ ಗಂಡ ಅಂದೇ ರಜೆ ಹಾಕಿದರು. ಈ ಹನ್ನೊಂದು ವರ್ಷದಲ್ಲಿ ಮಾವನ ಕೈಯಿಂದ ಹೀಗೊಂದು ಕರೆ ಬಂದದ್ದು ಇದೇ ಮೊದಲು. ಎರಡು ರಾತ್ರಿಗೆ ಹುಡುಕಿದ ರೂಮು ಅಪ್ಪಯ್ಯನ ಪಾಲಿಗೆ ಈ ಊರಿನಲ್ಲಿ ಸ್ವಂತದ್ದೊಂದು ಜಗಲಿಯಾಗಿದೆ. ಜಗಲಿ ಇದ್ದವನಿಗೆ ತಾನೇ ನೆಂಟರನ್ನು ಕರೆಯಲು ಧೈರ್ಯ. ಎಂಟು ವರ್ಷದ ಮಗಳು ತಾನು ಬುಧವಾರವೇ ಅಜ್ಜನ ಜೊತೆ ಹೋಗಿ ಅಲ್ಲೇ ಮಲಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಹೆಚ್ಚುವರಿ ಹಾಸಿಗೆಗೆ ಹೇಳಿದ್ದಾಯಿತು.

ನಿನ್ನೆ ರಾತ್ರಿ ರೈಲಿನ ಟಿಕೆಟ್ ಮಾಡಲು ಕೂತಾಗ ಅಪ್ಪಯ್ಯನ ಫೋನು ಬಂತು. ವಾಪಸು ಹೋಗುವುದಕ್ಕೆ ಶುಕ್ರವಾರದ ನೇತ್ರಾವತಿ ಎಂದು ಮೊದಲು ಮಾತಾಗಿತ್ತು.

"ಶುಕ್ರವಾರದ್ದು ಬೇಡ ತಂಗಿ. ಸುಸ್ತಾಗುತ್ತದೆ. ಭಾನುವಾರದ್ದು ನೋಡು" ಎಂದರು.

ರೂಮು ಶುಕ್ರವಾರದವರೆಗೆ ಮಾತ್ರ ಎಂದು ಅವರಿಗೆ ಗೊತ್ತಿದೆ, ಚೀಟಿ ಅವರ ಹತ್ತಿರವೇ ಇದೆ. ಉಳಿದೆರಡು ರಾತ್ರಿ ಎಲ್ಲಿ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಭಾನುವಾರಕ್ಕೆ ಕೆಳಗಿನ ಬರ್ತ್ ಎರಡು ಸಿಕ್ಕಿದವು. ಬೆಳಿಗ್ಗೆ ಎದ್ದವಳೇ ಪ್ಲಂಬರ್‌ಗೆ ಫೋನು ಮಾಡಿ, ನಮ್ಮ ಮನೆಯ ಬಚ್ಚಲಿಗೂ ಒಂದು ಹಿಡಿಕೆ ಹಾಕಬೇಕು ಎಂದು ಹೇಳಿದ್ದೇನೆ.