ಪಾಪೆಯ ಸಾಕ್ಷ್ಯ

ಕಣ್ಣು ಮಂಜಾದರೆ ಜನರು ಕನ್ನಡಕವನ್ನು ಬದಲಿಸುವರು. ಅದರಿಂದಲೂ ಗುಣ ಕಾಣದಿದ್ದರೆ ವಯಸ್ಸನ್ನು ದೂರುವರು. ಕಣ್ಣಿನ ಹಿಂದೆ ಒಂದು ನರವುಂಟು, ಆ ನರದ ಹಿಂದೆ ಮಿದುಳುಂಟು ಎಂಬುದು ಯಾರ ನೆನಪಿಗೂ ಬಾರದು. ಕಾಣುವ ಕೆಲಸವು ಬಹುಪಾಲು ಮಿದುಳಿನದು. ಕಣ್ಣು ಅದರ ದ್ವಾರಪಾಲಕ.

ಆ ದ್ವಾರದಲ್ಲಿ ಇಣಿಕಿ ನೋಡುವ ಯಂತ್ರವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪಂಡಿತನು 1851ರಲ್ಲಿ ಪ್ರಕಟಿಸಿದನು. ವೈದ್ಯನು ಕತ್ತಿ ಹಿಡಿಯದೆ, ಬದುಕಿರುವ ಮನುಷ್ಯನ ನರವೊಂದರ ತುದಿಯನ್ನು ಕಣ್ಣಾರೆ ಕಾಣುವಂತಾಯಿತು. ತಲೆಬುರುಡೆಯೊಳಗೆ ಒತ್ತಡ ಹೆಚ್ಚಿದರೆ ಆ ತುದಿಯು ಊದಿಕೊಳ್ಳುವುದು. ತಲೆನೋವೆಂದು ಬಂದವನ ಕಣ್ಣಿನಲ್ಲಿ ಮಿದುಳಿನ ಗೆಡ್ಡೆಯ ಸುಳಿವು ದೊರೆಯುವುದು ಹೀಗೆ.

ಯಂತ್ರಕ್ಕಿಂತಲೂ ಸೋಜಿಗವಾದುದು ಬರಿಗೈಯ ಪರೀಕ್ಷೆ. ವೈದ್ಯನು ರೋಗಿಯ ಎದುರಿಗೆ ಕುಳಿತು, ಒಂದು ಕಣ್ಣನ್ನು ಮುಚ್ಚಿಸಿ, ತನ್ನ ಮುಖವನ್ನೇ ನೋಡುತ್ತಿರಹೇಳಿ, ಪಕ್ಕದಿಂದ ಬೆರಳುಗಳನ್ನು ತರುವನು. ಎರಡು ಕಣ್ಣುಗಳಿಗೂ ಹೊರಬದಿಯ ಅರ್ಧವು ಕಾಣದೆಹೋದರೆ, ದೋಷವನ್ನು ದೃಷ್ಟಿನರಗಳೆರಡೂ ಕೂಡುವ ಸಂಧಿಯಲ್ಲಿ ಹುಡುಕಬೇಕು. ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆಯೇ ಹೆಚ್ಚಾಗಿ ಕಾರಣ. ಇಂಥ ರೋಗಿಯು ಕಣ್ಣು ಹೋಗುತ್ತಿದೆಯೆಂದು ಹೇಳುವುದು ಅಪರೂಪ. ಬಾಗಿಲ ಕಂಬ ಭುಜಕ್ಕೆ ತಾಗಿತು, ಪಕ್ಕದಲ್ಲಿ ಬಂದ ಬಂಡಿ ತಿಳಿಯಲಿಲ್ಲ, ಎನ್ನುವನು. ಮನೆಯವರು ಎಚ್ಚರವಿಲ್ಲವೆಂದು ಗದರುವರು, ಪಾಪ!

ಇನ್ನು ಪಾಪೆಯ ಮಾತು. ಮಧುಮೇಹವಿರುವ ವರ್ತಕನೊಬ್ಬನಿಗೆ ಬೆಳಗ್ಗೆ ಏಳುತ್ತಲೇ ಒಂದು ರೆಪ್ಪೆ ಜೋತುಬಿದ್ದಿರುವುದು. ಅದನ್ನು ಬೆರಳಿನಿಂದ ಎತ್ತಿದರೆ ಒಂದು ತಕ್ಕಡಿ ಎರಡಾಗಿ ಕಾಣುವುದು. ಮಿದುಳಿನ 12 ಜೊತೆ ನರಗಳಲ್ಲಿ ಮೂರನೆಯದು ಸೋತಿದೆ. ಪಾಪೆಯು ಎಂದಿನಂತೆ ಬೆಳಕಿಗೆ ಕಿರಿದಾಗುತ್ತಿದ್ದರೆ, ನರಕ್ಕೆ ರಕ್ತ ಸಾಲದೆ ಹೀಗಾಗಿರಬಹುದು. ಹಲವರಿಗೆ ಕೆಲವು ತಿಂಗಳುಗಳಲ್ಲಿ ತಾನಾಗಿ ಗುಣವಾಗುವುದು. ಪಾಪೆಯು ಅಗಲವಾಗಿ, ಬೆಳಕಿಗೆ ಅಲುಗದೆ ನಿಂತಿದ್ದರೋ, ಮಿದುಳಿನ ರಕ್ತನಾಳವೊಂದು ಉಬ್ಬಿ ನರವನ್ನು ಒತ್ತುತ್ತಿರುವ ಭಯವುಂಟು. ಪಾಪೆಯನ್ನು ಕುಗ್ಗಿಸುವ ಎಳೆಗಳು ನರದ ಹೊರಮೈಯಲ್ಲಿ ಹಾಯುವುದರಿಂದ ಒತ್ತಡವು ಅವಕ್ಕೆ ಬೇಗನೆ ತಗಲುವುದು. ಉಬ್ಬಿದ ನಾಳವು ಒಡೆದರೆ ಪ್ರಾಣಕ್ಕೇ ಕುತ್ತು. ಆ ದಿನವೇ, ಆ ಗಳಿಗೆಯೇ, ತಲೆಯ ರಕ್ತನಾಳಗಳ ಚಿತ್ರವನ್ನು ತೆಗೆಸಬೇಕು.

ಪಾಪೆ ನೆಟ್ಟಗಿದೆಯೆಂದು ನಿಶ್ಚಿಂತೆಯಾಗಿರುವುದೂ ಸಲ್ಲದು. ಉಬ್ಬಿನ ಒತ್ತಡವು ಒಮ್ಮೊಮ್ಮೆ ಮೊದಲು ರೆಪ್ಪೆಯನ್ನು ಕೆಡವಿ, ದಿನಗಳು ಕಳೆದ ಮೇಲೆ ಪಾಪೆಗೆ ಬರುವುದು. ಆದುದರಿಂದ ಬಲ್ಲ ವೈದ್ಯನು ವರ್ತಕನನ್ನು ಮನೆಗೆ ಕಳುಹಿಸಿಬಿಡದೆ, ಮರುದಿನವೂ ಅದರ ಮರುದಿನವೂ ದೀಪ ಹಿಡಿದು ಅವನ ಹಾಸಿಗೆಯ ಬಳಿಗೆ ಬರುವನು.