ಚೊಗರಿನ ಹೆಬ್ಬೆಟ್ಟು

ಬೆಳಿಗ್ಗೆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ತೇಜಸ್ವಿಯವರ ‘ಕರ್ವಾಲೊ’ ಮನೆಗೆ ವಾಪಸು ಬಂತು. ತೆರೆದು ನೋಡಿದರೆ ಮಂದಣ್ಣ ಬರುವ ಪುಟದ ಅಂಚಿನಲ್ಲಿ ಕಂದುಗೆಂಪು ಹೆಬ್ಬೆಟ್ಟಿನ ಗುರುತು. ಅಡಿಕೆಯ ಚೊಗರು. ಚನ್ನಗಿರಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಬಟ್ಟೆ ಹರಿದರೂ ಈ ಕಲೆ ಹೋಗುವುದಿಲ್ಲ. “ರಾತ್ರಿ ಸುಲಿಯೋವಾಗ ಓದಿದ್ವಿ ಮೇಷ್ಟ್ರೇ, ಕಲೆ ಆಗೇತಿ, ಬೈಬ್ಯಾಡ್ರಿ” ಎಂದು ಪುಸ್ತಕ ಕೈಗಿಟ್ಟು ಹುಡುಗಿ ಓಡಿಬಿಟ್ಟಳು. ನನಗೆ ಸಿಟ್ಟು ಬಂತು. ನೌಕರಿಯ ಉದ್ದಕ್ಕೂ ಮಕ್ಕಳಿಗೆ ‘ಕೈ ತೊಳೆದು ಪುಸ್ತಕ ಮುಟ್ಟಿ’ ಎಂದು ಹೇಳಿಕೊಂಡು ಬಂದವನು ನಾನು.

ಹಳೇ ಬನಿಯನ್ನಿನ ಚೂರು ಒದ್ದೆ ಮಾಡಿಕೊಂಡು ಒರೆಸಲು ಕೂತೆ. ಆಗ ಅವಳ ಮಾತು ಮತ್ತೆ ಕಿವಿಗೆ ಬಿತ್ತು. ‘ಓದಿದೆ’ ಅನ್ನಲಿಲ್ಲ, ‘ಓದಿದ್ವಿ’ ಅಂದಳಲ್ಲ! ಅಡಿಕೆ ಮನೆಯ ಅಂಗಳ ಕಣ್ಣಿಗೆ ಕಟ್ಟಿತು. ಲೈಟಿನ ಕೆಳಗೆ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತ ಹೆಂಗಸರು. ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವು. ನಡುವೆ ಈ ಹುಡುಗಿ ಓದುತ್ತಿದ್ದಾಳೆ. ಯಾರೋ ಒಬ್ಬಾಕೆ ಮಂದಣ್ಣನ ಜೇನಿನ ಮಾತು ಬಂದಾಗ ತಡೆಯಲಾರದೆ ‘ಎಲ್ಲೈತೆ, ತೋರ್ಸು’ ಎಂದು ಬೆರಳಿಟ್ಟಿರಬೇಕು. ಒರೆಸುವ ಕೈ ನಿಂತಿತು.

ಮೊಬೈಲು ಬಂದು ಓದು ಕೆಟ್ಟಿತು ಎಂಬುದನ್ನು ಎಲ್ಲರೂ ಹೇಳಿಯಾಗಿದೆ, ಬಿಡಿ. ನನ್ನ ಸಂಕಟ ಮೊಬೈಲಿಗಿಂತ ಹಳೆಯದು. ನಾವು ಬಾಯಿ ಮುಚ್ಚಿಕೊಂಡು ಓದುವುದನ್ನು ಕಲಿತೆವಲ್ಲ, ಅಂದೇ ಪುಸ್ತಕ ಒಬ್ಬೊಬ್ಬರ ಸ್ವತ್ತಾಯಿತು. ಕುಮಾರವ್ಯಾಸನ ಭಾರತ ಅಕ್ಷರ ಬಲ್ಲವರ ಮನೆಯಲ್ಲೇ ಉಳಿದಿದ್ದರೆ ಇಷ್ಟು ಶತಮಾನ ಬಾಳುತ್ತಿತ್ತೇ? ಒಬ್ಬರು ವಾಚಿಸುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಊರು ಕೇಳುತ್ತಿತ್ತು. ಸಹಿ ಹಾಕಲು ಬಾರದ ಅಜ್ಜಂದಿರಿಗೆ ಕರ್ಣನ ಸಾವು ಮನೆಯ ಸಾವಿನಷ್ಟು ಹತ್ತಿರವಿತ್ತು. ಗಳಗನಾಥರು ಶಾಲಾ ಮಾಸ್ತರರಾಗಿದ್ದವರು. ತಾವು ಬರೆದ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಅವರು ಹೊತ್ತು ತಂದ ಒಂದೊಂದು ಪ್ರತಿಯನ್ನು ಎಷ್ಟು ಕಿವಿಗಳು ಓದಿದವೋ! ಪುಸ್ತಕದ ಲೆಕ್ಕವನ್ನು ಪ್ರತಿಗಳಲ್ಲಿ ಹಾಕಬಾರದು, ಕಿವಿಗಳಲ್ಲಿ ಹಾಕಬೇಕು. ತರಗತಿಯಲ್ಲಿ ‘ಮನಸ್ಸಿನಲ್ಲೇ ಓದ್ರೋ’ ಎಂದು ನಾನೂ ಎಷ್ಟೋ ಸಲ ಗದರಿದ್ದೇನೆ. ಆ ಮಾತನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

‘ಮೇಷ್ಟ್ರೇ, ಯಾವ ಪುಸ್ತಕ ಓದಲಿ’ ಎಂದು ಕೇಳುವವರಿಗೆ ಇನ್ನು ಮೇಲೆ ನನ್ನ ಅಳತೆಗೋಲು ಅಡಿಕೆ ಮನೆಯದು. ನಾಲ್ಕು ಜನರ ನಡುವೆ ಗಟ್ಟಿಯಾಗಿ ಓದಲು ಬರುತ್ತದೆಯೇ? ಹಾಗಾದರೆ ಮೊದಲು ಗೊರೂರರ ‘ಬೆಸ್ತರ ಕರಿಯ’. ಸೂಳೆಕೆರೆಯಲ್ಲಿ ಬಲೆ ಬೀಸುವವರ ಮನೆಯಲ್ಲಿ ಓದಿದರೆ ಕರಿಯ ಅಲ್ಲೇ ಬಾಗಿಲ ಬಳಿ ಬಂದು ಕೂರುತ್ತಾನೆ. ಹೊಸದಾಗಿ ಮೇಷ್ಟ್ರಾದವರಿಗೆ, ವಿ. ಗಾಯತ್ರಿ ಕನ್ನಡಕ್ಕೆ ತಂದ ‘ತೊತ್ತೋ-ಚಾನ್’. ಜಪಾನಿನ ತೆತ್ಸುಕೊ ಕುರೊಯಾನಗಿ 1981ರಲ್ಲಿ ತಮ್ಮ ಬಾಲ್ಯದ ಶಾಲೆಯನ್ನು ನೆನೆದು ಬರೆದದ್ದು. ಹಳೇ ರೈಲು ಡಬ್ಬಿಗಳಲ್ಲಿ ತರಗತಿಗಳು. ಬೇರೆ ಶಾಲೆಯಿಂದ ಹೊರಹಾಕಿಸಿಕೊಂಡು ಬಂದ ಪುಟ್ಟ ಹುಡುಗಿಯ ಮಾತನ್ನು ಅಲ್ಲಿನ ಹೆಡ್‌ಮಾಸ್ತರರು ಮೊದಲ ದಿನವೇ 4 ಗಂಟೆ ಕೂತು ಕೇಳುತ್ತಾರೆ. ಆ ಪುಟ ಓದಿದಾಗಲೆಲ್ಲ ನನ್ನ ತರಗತಿಯಲ್ಲಿ ಮಾತು ಅರ್ಧಕ್ಕೆ ನುಂಗಿಕೊಂಡ ಮಕ್ಕಳ ಮುಖ ಎದುರಿಗೆ ಬರುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮಾತ್ರ ಮಳೆಗಾಲದಲ್ಲಿ ಒಬ್ಬರೇ ಕೂತು ಓದುವಂಥದು ಎಂದು ನಂಬಿದ್ದೆ. ಈಗ ಅದೂ ಅನುಮಾನ. ಒಂದು ಅಡಿಕೆ ಸುಗ್ಗಿಗೆ ಅದು ಸರಿಹೋದೀತು.

ಸಂಜೆ ಕೆರೆ ಏರಿಯ ಮೇಲೆ ಹೋದೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿಗೆ ಹಾಕಿದ ಏರಿ, ಅದರ ಹಿಂದೆ ಕಣ್ಣು ಹಾಯುವವರೆಗೆ ಹರಿದ್ರಾವತಿಯ ನೀರು. ಕೆರೆ ಕಟ್ಟಿಸಿದವಳು ಶಾಂತವ್ವ ಎಂಬ ರಾಜಕುಮಾರಿ ಎಂದು ಜನ ಕತೆ ಹೇಳುತ್ತಾರೆ. ನೆಲ ಸೂಳೆಯರದಾಗಿತ್ತಂತೆ, ಕೆರೆಗೆ ತಮ್ಮ ಹೆಸರಿಡಬೇಕೆಂದು ಕರಾರು ಹಾಕಿ ಬಿಟ್ಟುಕೊಟ್ಟರಂತೆ. ಬರಹದಲ್ಲಿ ಈಗ ಶಾಂತಿಸಾಗರ ಎಂಬ ಹೆಸರಿದೆ. ಅದೂ ಚಂದದ ಹೆಸರೇ. ಆದರೆ ಬಸ್ಸಿನಲ್ಲಿ ಟಿಕೆಟ್ ಕೇಳುವವರು, ಎಮ್ಮೆ ಹೊಡೆದುಕೊಂಡು ಬರುವವರು, ಗದ್ದೆಗೆ ನೀರು ಬಂತೇ ಎಂದು ವಿಚಾರಿಸುವವರು, ಎಲ್ಲರೂ ಸೂಳೆಕೆರೆ ಎಂದೇ ಅನ್ನುತ್ತಾರೆ. ನೆಲ ಕೊಟ್ಟ ಹೆಂಗಸರಿಗೆ ಆಡಿದ ಮಾತನ್ನು ಇಷ್ಟು ಕಾಲ ನಡೆಸಿಕೊಂಡು ಬಂದದ್ದು ಜನರ ಬಾಯಿ.